ಎಡಮೀನಿನ ಕಣ್ಣು

ಜೈತೂನ್ ಬೀಯ ಬೆರಳುಗಳಿಗೆ ಉಗುರಿಲ್ಲ. ಮದುವೆಯ ದಿನ ಮದರಂಗಿ ಹಚ್ಚುವಾಗ ಇದ್ದವು. ಆಮೇಲೆ ಆಸಿಡ್ಡು ಒಂದೊಂದಾಗಿ ತಿಂದು ಹಾಕಿತು. ರೊಟ್ಟಿಯ ಹಿಟ್ಟನ್ನು ಅವಳು ಬೆರಳು ಮಡಿಸಿ ಗೆಣ್ಣಿನಿಂದ ನಾದುತ್ತಾಳೆ. ಬಿರಿದ ಚರ್ಮಕ್ಕೆ ಉಪ್ಪು ತಗುಲಿದರೆ ಪ್ರಾಣ ಹೋದಂತಾಗುತ್ತದೆ. ಅದಕ್ಕೇ ಉಪ್ಪು ಹಾಕಿ ಕಲೆಸಿಕೊಡುವುದು ಮಗ ಇಕ್ರಾರನ ಕೆಲಸವಾಗಿತ್ತು. ಪೊಲೀಸರು ಇಕ್ರಾರನನ್ನು ಹಿಡಿದುಕೊಂಡು ಹೋದ ದಿನದಿಂದ ಆ ಮನೆಯ ರೊಟ್ಟಿ ಸಪ್ಪೆ.

ಅವಳ ಕಸುಬು ಹಿತ್ತಾಳೆಗೆ ವಯಸ್ಸು ಕೊಡುವುದು. ಅಂಗಳದಲ್ಲಿ ಒಂದು ಗುಂಡಿ. ಗುಂಡಿಯಲ್ಲಿ ಕುದುರೆ ಲದ್ದಿ, ನವಸಾಗರ, ಉಪ್ಪು, ಹುಳಿ ಮಜ್ಜಿಗೆ ಬೆರೆಸಿದ ಮಣ್ಣು. ಹೊಸ ಬೀಗವನ್ನು ಮೊದಲು ಆಸಿಡ್ಡಿನಲ್ಲಿ ಅದ್ದಬೇಕು. ಹೊಳಪು ಸತ್ತ ಮೇಲೆ ಆ ಮಣ್ಣಿನಲ್ಲಿ ಹೂಳಬೇಕು. ದಿನಾ ನೀರು ಚಿಮುಕಿಸಬೇಕು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಸಂದುಗೊಂದಿಗಳಲ್ಲೆಲ್ಲ ಹಸಿರು ಕಿಲುಬು ಕೂತಿರುತ್ತದೆ. ಆಗ ಹೊರಗೆ ತೆಗೆದು, ಹಳೆ ಕಂಬಳಿಯ ಚೂರಿನಿಂದ, ಮನುಷ್ಯರ ಕೈ ಆಡುವ ಕಡೆಗಳಲ್ಲಿ ಮಾತ್ರ ಉಜ್ಜಬೇಕು. ಎಲ್ಲಿ ಉಜ್ಜಬೇಕು, ಎಲ್ಲಿ ಬಿಡಬೇಕು ಅನ್ನುವುದರಲ್ಲೇ ಇದೆ ಎಲ್ಲ. ಆ ಗುಂಡಿಯ ವಾಸನೆ ಅವಳ ಕೂದಲಿನಲ್ಲಿ, ಅವಳು ನಮಾಜಿಗೆ ಹಾಸುವ ಜಾನಮಾಜಿನಲ್ಲಿ, ಅವಳ ಮನೆಯ ನೀರಿನಲ್ಲಿ ಇದೆ. ನಮ್ಮ ಗಲ್ಲಿಯಲ್ಲಿ ಯಾರಿಗೂ ಅದು ವಾಸನೆ ಅನ್ನಿಸುವುದಿಲ್ಲ.

ನಾನು ಸಖಾವತ್. ಎರಕದವನು. ಅಲಿಗಢದ ಹಳೆ ಊರಿನ ಈ ಗಲ್ಲಿಯ ಚಿಕ್ಕ ಮಸೀದಿಯಲ್ಲಿ ಬಾಂಗು ಕೂಗುವುದೂ ನನ್ನದೇ. ಹಿತ್ತಾಳೆಯ ಹೊಗೆ ಕುಡಿದ ಗಂಟಲು ನನ್ನದು. ಒಂದು ಸಾಲು ಕೂಗಿ ಒಂದು ಸಲ ಕೆಮ್ಮುತ್ತೇನೆ. ಮೇಲಿರುವವನು ದೊಡ್ಡವನು, ಇದುವರೆಗೆ ತಕರಾರು ಮಾಡಿಲ್ಲ.

ಬೀಗ ಮಾಡುವವರ ಗಲ್ಲಿ ಎಂದು ಹೆಸರು. ಆದರೆ ಒಂದು ಬೀಗವನ್ನು ಪೂರ್ತಿ ಮಾಡಿದವನು ನಮ್ಮಲ್ಲಿ ಯಾರೂ ಇಲ್ಲ. ನನ್ನ ಮನೆಯಲ್ಲಿ ಬೀಗದ ಪೆಟ್ಟಿಗೆ ಎರಕವಾಗುತ್ತದೆ. ಶಮೀಮಳ ಮನೆಯಲ್ಲಿ ಅದಕ್ಕೆ ಅರ ಹಾಕಿ ನಯ ಮಾಡುತ್ತಾರೆ. ಬನವಾರಿ ಒಳಗಿನ ನಾಲಿಗೆ, ಸ್ಪ್ರಿಂಗು ಕೂರಿಸಿ ಕೀಲಿಕೈ ತೀಡುತ್ತಾನೆ. ಇಕ್ರಾರ್ ಬೀಗದ ಮುಖದ ಮೇಲೆ ಚಿತ್ತಾರ ಕೆತ್ತುತ್ತಾನೆ. ಅವನ ತಾಯಿ ವಯಸ್ಸು ಕೊಡುತ್ತಾಳೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೊತ್ತೊಯ್ಯುವುದು ನಮಗೆಲ್ಲ ಕೆಲಸ ಕೊಡುವ ಹಾಜಿ ಸಾಹೇಬರ ಕೈಗಾಡಿ. ಪಕ್ಕದ ಮನೆಗೆ ಹೋಗಬೇಕಾದ ಪೆಟ್ಟಿಗೆ ಕೂಡ ಮೊದಲು ಹಾಜಿ ಸಾಹೇಬರ ಗೋದಾಮಿಗೆ ಹೋಗಿ, ಅಲ್ಲಿಂದ ಪಕ್ಕದ ಮನೆಗೆ ಬರುತ್ತದೆ. ಅವರ ತಂದೆಯ ಕಾಲದಿಂದ ಹಾಗೇ. ಯಾಕೆ ಎಂದು ನಾವು ಕೇಳಿದವರಲ್ಲ.

ಹಾಜಿ ಫಸೀಹುದ್ದೀನ್ ಸಾಹೇಬರು ಮೆತ್ತಗೆ ಮಾತಾಡುವ ಮನುಷ್ಯ. ಚಳಿಗಾಲದಲ್ಲಿ ವಿಧವೆಯರಿಗೆ ರಜಾಯಿ ಹಂಚುತ್ತಾರೆ. ಜುಮ್ಮಾದ ದಿನ ನಮ್ಮ ಚಿಕ್ಕ ಮಸೀದಿಗೇ ಬಂದು ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ಸ್ಟೇಷನ್ ರಸ್ತೆಯಲ್ಲಿ ಅವರದು ಗಾಜಿನ ದೊಡ್ಡ ಅಂಗಡಿ. ನಮ್ಮ ಗುಂಡಿಯಿಂದ ಹೊರಟ ಬೀಗ ಆ ಗಾಜಿನ ಹಿಂದೆ ಕೆಂಪು ಮಖಮಲ್ಲಿನ ಮೇಲೆ ಕೂತರೆ ಅದು ರಾಜರ ಬೀಗ. ಯಾವ ರಾಜ, ಯಾವ ಅರಮನೆ ಎಂದು ಹಾಜಿ ಸಾಹೇಬರು ಬರೆದು ಸಹಿ ಮಾಡಿ ಕೊಡುತ್ತಾರೆ.

ಎರಡು ಚಳಿಗಾಲದ ಹಿಂದೆ ಅವರು ಇಕ್ರಾರನನ್ನು ಕುಂದರಗಢಿಯ ಹಳೆ ಹವೇಲಿಗೆ ಕರೆದುಕೊಂಡು ಹೋಗಿದ್ದರು. ರಾಜ ಸತ್ತು ಎಷ್ಟೋ ಕಾಲವಾಗಿತ್ತು. ಮೊಮ್ಮಗ ದಿಲ್ಲಿಯಲ್ಲಿದ್ದ. ಕೀಲಿಕೈ ಕಳೆದುಹೋದ ಬಾಗಿಲುಗಳನ್ನು ತೆಗೆಸಬೇಕಿತ್ತು, ಅದಕ್ಕೆ ಕರೆಸಿದ್ದ. ಅಲ್ಲಿ ಹೆಂಗಸರು ಇರುತ್ತಿದ್ದ ಜನಾನಾದ ಕದಕ್ಕೆ ಒಂದು ಹಿತ್ತಾಳೆ ಬೀಗ ಕೂರಿಸಿತ್ತಂತೆ. ಮೇಲೆ ಕಿರೀಟ, ಕೆಳಗೆ ಎದುರುಬದುರಾಗಿ ಎರಡು ಮೀನು, ಸುತ್ತ ಬಳ್ಳಿ. ಹಾಜಿ ಸಾಹೇಬರು ಕಣ್ಣಲ್ಲೇ ಹೇಳಿದರು. ಇಕ್ರಾರ್ ಮೇಣ ಒತ್ತಿ ಅಚ್ಚು ತೆಗೆದುಕೊಂಡ. ಬೀಗವನ್ನು ಅದರ ಜಾಗದಲ್ಲೇ ಬಿಟ್ಟು ಬಂದ.

ಮನೆಗೆ ಬಂದು ಕೆತ್ತಿದ. ಎಂಥ ಕೆತ್ತನೆ! ಮೀನಿನ ಹೊಟ್ಟೆಯ ಪೊರೆ ಒಂದೊಂದೂ ಎದ್ದು ಕಾಣುತ್ತಿತ್ತು. ಆದರೆ ಎಡಗಡೆಯ ಮೀನಿಗೆ ಕಣ್ಣಿರಲಿಲ್ಲ. ಅಲ್ಲಿ ಬರೀ ಒಂದು ನುಣುಪಾದ ತಗ್ಗು. ಕಣ್ಣು ಯಾಕಪ್ಪಾ ಬಿಟ್ಟೆ ಎಂದು ಜೈತೂನ್ ಬೀ ಕೇಳಿದಳು.

"ಬಿಟ್ಟಿಲ್ಲ ಅಮ್ಮೀ, ಸವೆಸಿದೀನಿ," ಅಂದ ಇಕ್ರಾರ್. "ಆ ಮನೆ ಹೆಣ್ಣುಮಕ್ಕಳು ಕೀಲಿ ತಿರುಗಿಸೋವಾಗ ಹೆಬ್ಬೆಟ್ಟು ಅಲ್ಲೇ ಊರ್ತಿದ್ರು. ಅಜ್ಜಿ, ಮುತ್ತಜ್ಜಿ, ಎಲ್ಲರೂ. ಅಷ್ಟು ಜನರ ಹೆಬ್ಬೆಟ್ಟನ್ನ ನಾನೊಬ್ಬನೇ ಕೂತು ಒತ್ತಿದೀನಿ."

ಬೇರೆ ಊರಿನ ಕೆತ್ತನೆಗಾರನಾಗಿದ್ದರೆ ಮೀನಿಗೆ ಕಣ್ಣು ಇಟ್ಟುಬಿಡುತ್ತಿದ್ದ. ಹರಿದದ್ದನ್ನು ಹೊಲಿಯುವುದು, ಮುರಿದದ್ದನ್ನು ಕೂಡಿಸುವುದು ಲೋಕದ ರೂಢಿ. ನಮ್ಮ ಗಲ್ಲಿಯಲ್ಲಿ ಸವೆತವೇ ಕೆಲಸ. ಇದ್ದದ್ದನ್ನು ಇದ್ದ ಹಾಗೆ, ಇಲ್ಲದ್ದನ್ನು ಇಲ್ಲದ ಹಾಗೆ ಕೆತ್ತುವುದನ್ನು ಅವನು ತಂದೆಯಿಂದ ಕಲಿತಿದ್ದ. ಆ ಕಣ್ಣೇ ಅವನನ್ನು ಹಿಡಿದುಕೊಟ್ಟಿತು.

ಆ ಮೀನಿನ ಬೀಗಗಳನ್ನು ನಾವು ಒಂದು ರಾಶಿ ಮಾಡಿದೆವು. ಒಂದಾದ ಮೇಲೊಂದರಂತೆ ಅವು ಹಾಜಿ ಸಾಹೇಬರ ಮಖಮಲ್ಲಿಗೆ ಹೋದವು. ಒಂದು ದಿಲ್ಲಿಯ ಯಾರದೋ ದೊಡ್ಡ ಮನೆಗೆ ಹೋಯಿತು. ಆ ಮನೆಗೆ ಒಮ್ಮೆ ಊಟಕ್ಕೆ ಹೋದ ಕುಂದರಗಢಿಯ ಮೊಮ್ಮಗ ಗೋಡೆಯ ಮೇಲೆ ಬೀಗ ನೋಡಿದ. ಕಣ್ಣು ಸವೆದ ಎಡಮೀನು ನೋಡಿದ. ಇದು ನಮ್ಮಜ್ಜಿಯ ಬಾಗಿಲಿನದು ಎಂದ. ಹವೇಲಿಗೆ ಆಳು ಕಳಿಸಿ ನೋಡಿಸಿದರೆ, ಜನಾನಾದ ಕದವೇ ಇಲ್ಲ. ಬೀಗವೂ ಇಲ್ಲ. ಕಾಯುವವನು ಮಾರಿದನೋ, ದಾಯಾದಿಗಳು ಮಾರಿದರೋ, ದೇವರಿಗೇ ಗೊತ್ತು. ಅಲ್ಲಿಗೆ ಕಳ್ಳತನದ ದೂರು ಆಯಿತು.

ಪೊಲೀಸರು ಗಾಜಿನ ಅಂಗಡಿಗೆ ಬಂದರು. ಹಾಜಿ ಸಾಹೇಬರ ಮುಂದೆ ಎರಡು ದಾರಿ ಇದ್ದವು. ಬೀಗ ಹೊಸದು, ನಾವೇ ಮಾಡಿಸಿದ್ದು ಎಂದರೆ ಅವರು ಕೊಟ್ಟ ಸಹಿಗಳೆಲ್ಲ ಸುಳ್ಳಾಗುತ್ತಿದ್ದವು. ಬೀಗ ಹಳೆಯದೇ, ನನಗೆ ಒಬ್ಬ ಕೆಲಸಗಾರ ತಂದುಕೊಟ್ಟ, ಎಲ್ಲಿಂದ ತಂದನೋ ನನಗೆ ತಿಳಿಯದು ಎಂದರೆ, ಒಬ್ಬ ಕೆಲಸಗಾರ ಹೋಗುತ್ತಿದ್ದ. ಅವರು ಹೆಚ್ಚು ಯೋಚಿಸಿದ ಹಾಗೆ ಕಾಣಲಿಲ್ಲ. ಹವೇಲಿಗೆ ಹೋಗಿ ಬಂದವನ ಹೆಸರು ಹೇಳಿದರು.

ಇಕ್ರಾರ್ ಕೆಲಸದ ಹಲಗೆಯ ಮುಂದೆ ಕೂತಿದ್ದ. ಕೈಯಲ್ಲಿದ್ದ ಉಳಿ ಇಡಲೂ ಬಿಡದೆ ಎಬ್ಬಿಸಿದರು. ತಾಯಿ ಹಿಂದೆ ಓಡಿದಳು. ಬೀಗ ನಾನೇ ಮಣ್ಣಲ್ಲಿ ಹೂತು ತೆಗೆದದ್ದು ಸಾಹೇಬ್ರೇ ಎಂದು ಗಲ್ಲಿಯುದ್ದಕ್ಕೂ ಕೂಗಿಕೊಂಡು ಹೋದಳು. ಠಾಣೆಯ ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತು ಕೇಳಿದ. ಲಖನೌದಿಂದ ಬಂದ ಪಂಡಿತರು ಬೀಗ ಪರೀಕ್ಷೆ ಮಾಡಿದ್ದಾರೆ, ಕಿಲುಬು ನೂರೈವತ್ತು ವರ್ಷದ್ದು ಎಂದು ಬರೆದುಕೊಟ್ಟಿದ್ದಾರೆ, ನಿನಗೆಷ್ಟಮ್ಮ ವಯಸ್ಸು ಎಂದು ನಕ್ಕ.

ಆ ಸಂಜೆ ಅವಳು ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದಳು.

"ಭಾಯಿ, ಸ್ವಲ್ಪ ಕೆಟ್ಟದಾಗಿ ಮಾಡಿದ್ರೆ ಆಗ್ತಿತ್ತು," ಅಂದಳು. "ನನ್ನ ಕಿಲುಬು ಚೆನ್ನಾಗಿ ಹಿಡೀತು. ಅದಕ್ಕೇ ನನ್ನ ಮಗ ಒಳಗೆ ಕೂತಿದಾನೆ."

ನಮಾಜಿಗೆ ಹೊತ್ತಾಗಿತ್ತು. ಎದ್ದು ಹೋದೆ.

ಮಾರನೆಯ ಬೆಳಿಗ್ಗೆ ಹಾಜಿ ಸಾಹೇಬರ ಕೈಗಾಡಿ ಬಂತು. ಮೀನಿನ ಬೀಗ ಯಾರ ಮನೆಯಲ್ಲಿ ಎಷ್ಟು ಇದ್ದರೂ ಕೊಡಬೇಕಂತೆ, ಠಾಣೆಗೆ ಒಯ್ದು ತೋರಿಸಬೇಕಂತೆ, ಇಕ್ರಾರ್ ಸಂಜೆಗೆ ಮನೆಗೆ ಬಂದುಬಿಡುತ್ತಾನಂತೆ. ಗಾಡಿಯವನು ಹಾಗೆ ಹೇಳಿದ. ಶಮೀಮ್ ಅರ್ಧ ಅರ ಹಾಕಿದ್ದನ್ನು ಕೊಟ್ಟಳು. ಬನವಾರಿ ನಾಲಿಗೆ ಕೂರಿಸಿದ್ದನ್ನು ಕೊಟ್ಟ. ಜೈತೂನ್ ಬೀ ಗುಂಡಿಯನ್ನೆಲ್ಲ ತಾನೇ ಅಗೆದಳು. ಒಂದು ಬೀಗವನ್ನೂ ಬಿಡಲಿಲ್ಲ. ದಾರಿಯಲ್ಲಿ ಒಂದಕ್ಕೊಂದು ತಾಗಿ ಮೀನು ಮುಕ್ಕಾಗಬಾರದು ಎಂದು ತನ್ನ ಹಳೆಯ ದುಪಟ್ಟಾ ಹರಿದು ಒಂದೊಂದಕ್ಕೂ ಸುತ್ತಿದಳು. ಮಗನ ಹತ್ಯಾರಗಳ ಪೆಟ್ಟಿಗೆಯಲ್ಲಿದ್ದ ಮೇಣದ ಅಚ್ಚನ್ನೂ ನೆನೆಸಿಕೊಂಡು ಓಡಿ ತಂದುಕೊಟ್ಟಳು. ಗಾಡಿ ಹೊರಟಾಗ ಅದರ ಹಿಂದೆ ಗಲ್ಲಿಯ ತಿರುವಿನವರೆಗೆ ಹೋಗಿ ಕಾಪಾಡಲಿ ಎಂದು ಆಯತುಲ್ ಕುರ್ಸಿ ಓದಿ ಊದಿದಳು.

ಸಂಜೆ ಇಕ್ರಾರನಿಗೆಂದು ಆಲೂ ಸಾರು ಮಾಡಿ ಇಟ್ಟಿದ್ದಳು. ಅದು ಹಾಗೇ ಹಳಸಿತು. ಗಾಡಿ ಠಾಣೆಗೆ ಹೋಗಿರಲಿಲ್ಲ. ಊರಾಚೆಯ ಯಾವುದೋ ಭಟ್ಟಿಗೆ ಹೋಗಿತ್ತು. ಆ ಭಟ್ಟಿಯವನು ನನ್ನ ಷಡ್ಡಕನ ನೆಂಟ. ಕರಗಿಸುವಾಗ ದುಪಟ್ಟಾದ ಚೂರುಗಳೂ ಸುಟ್ಟು ಹೊಗೆಯಾದವು ಎಂದು ಅವನೇ ಹೇಳಿದ. ಅಲ್ಲಿಗೆ, ಆ ಮೀನನ್ನು ನಾವು ಮಾಡುತ್ತಿದ್ದೆವು ಎನ್ನಲು ಗಲ್ಲಿಯಲ್ಲಿ ಒಂದು ಪೊರೆಯೂ ಉಳಿಯಲಿಲ್ಲ.

ಜೈತೂನ್ ಬೀ ಗಾಜಿನ ಅಂಗಡಿಗೆ ಹೋದಳು. ನಾನೂ ಜೊತೆಗೆ ಹೋದೆ. ಅಷ್ಟು ವರ್ಷ ಕೆಲಸ ಮಾಡಿದ್ದರೂ ಅವಳು ಆ ಅಂಗಡಿಯ ಒಳಗೆ ಕಾಲಿಟ್ಟಿದ್ದು ಅಂದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟು, ನೆಲ ಹೊಲಸಾದೀತು ಎಂದು ತುದಿಗಾಲಲ್ಲಿ ನಡೆದಳು. ಹಾಜಿ ಸಾಹೇಬರು ಚಹಾ ತರಿಸಿದರು. ಅಲ್ಲಾಹ್ ಪರೀಕ್ಷೆ ಮಾಡುತ್ತಾನೆ, ತಾಳ್ಮೆ ಬೇಕು ಎಂದರು. ವಕೀಲನನ್ನು ಇಡುತ್ತೇನೆ, ಹುಡುಗ ಚಿಕ್ಕವನು, ತಪ್ಪು ಒಪ್ಪಿಕೊಂಡರೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ ಎಂದರು. ಅವಳು ಚಹಾ ಮುಟ್ಟಲಿಲ್ಲ. ಹಾಜಿ ಸಾಹೇಬ್ರೇ, ಬೀಗ ಹೊಸದು ಅಂತ ಒಂದು ಮಾತು ಹೇಳಿಬಿಡಿ ಎಂದು ಮಾತ್ರ ಕೇಳಿದಳು.

"ಹೇಳ್ತೀನಿ ಬೀ," ಅಂದರು ಹಾಜಿ ಸಾಹೇಬರು, ಮೊದಲಿನಷ್ಟೇ ಮೆತ್ತಗೆ. "ನಾಳೆನೇ ಹೇಳ್ತೀನಿ. ನಾಡಿದ್ದಿಂದ ಒಬ್ಬ ಗಿರಾಕಿ ಬರಲ್ಲ. ಸಖಾವತನ ಭಟ್ಟಿ ಆರುತ್ತೆ. ಶಮೀಮಳ ಮಕ್ಕಳು ರೊಟ್ಟಿ ಕೇಳ್ತವೆ. ಆಗ ನೀನೇ ಹೋಗಿ ಅವುಗಳಿಗೆ ಸಮಾಧಾನ ಹೇಳು."

ಈ ಮಾತನ್ನು ಅವರು ಅವಳಿಗೆ ಹೇಳಿದರೂ ನೋಡಿದ್ದು ನನ್ನನ್ನು.

ಅದು ನಿಜವಾದ ಮಾತೇ ಆಗಿತ್ತು, ಅದಕ್ಕೇ ಅಷ್ಟು ಕೆಲಸ ಮಾಡಿತು. ಗಲ್ಲಿಯವರೆಲ್ಲ ಬನವಾರಿಯ ಜಗಲಿಯ ಮೇಲೆ ಸೇರಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೆಲವು ತಿಂಗಳು ತಾನೇ ಎಂದು ಒಬ್ಬ ಅಂದ. ಒಳಗೆ ಊಟ ಹಾಕುತ್ತಾರೆ ಎಂದು ಇನ್ನೊಬ್ಬ. ಹೊರಗೆ ಬಂದ ಮೇಲೆ ಹಾಜಿ ಸಾಹೇಬರು ಮದುವೆ ಮಾಡಿಸಿಕೊಡುತ್ತಾರಂತೆ ಎಂದು ಮತ್ತೊಬ್ಬ. ಜೈತೂನ್ ಬೀ ಬಾಗಿಲ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಸರಿ," ಅಂದಳು ಕೊನೆಗೆ. "ನಿಮ್ಮೆಲ್ಲರ ಒಲೆ ಉರೀಬೇಕು. ಸೌದೆಗೆ ನನ್ನ ಮಗ ಆಗ್ತಾನೆ ಅಂದ್ರೆ ತಗೊಳ್ಳಿ. ಆದ್ರೆ ಅವನನ್ನ ಕಳ್ಳ ಅಂತ ಕರೆಯೋವಾಗ ನನ್ನ ಮನೆ ಮುಂದೆ ನಿಂತು ಕರೀಬೇಡಿ. ಅಷ್ಟು ದಯೆ ತೋರಿಸಿ."

ಅವಳು ಹೋದ ಮೇಲೆ ಒಬ್ಬೊಬ್ಬರಾಗಿ ಎದ್ದು ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಅವಳು ದಿನಾ ಬುತ್ತಿ ಕಟ್ಟಿಕೊಂಡು ಠಾಣೆಗೆ ಹೋಗುತ್ತಿದ್ದಳು. ವಿಚಾರಣೆ ನಡೀತಿದೆ, ನೋಡೋ ಹಾಗಿಲ್ಲ ಎಂದು ಕಾನ್‌ಸ್ಟೇಬಲ್ಲು ಬುತ್ತಿ ಮಾತ್ರ ಇಸಿದುಕೊಳ್ಳುತ್ತಿದ್ದ. ಡಬ್ಬಿ ಖಾಲಿಯಾಗಿ ಬರುತ್ತಿತ್ತು. ತಿಂದವರು ಯಾರು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಡಬ್ಬಿಯನ್ನು ಮೂಸಿ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು, ರೊಟ್ಟಿಗೆ ಉಪ್ಪಿಲ್ಲ ಅಂತ ಅವನು ಏನಾದ್ರೂ ಅಂದನಾ ಎಂದು. ಕಾನ್‌ಸ್ಟೇಬಲ್ಲು ಮುಖ ತಿರುಗಿಸಿಕೊಂಡನಂತೆ. ಅಂದಿನಿಂದ ಅವಳಿಗೆ ನಿದ್ದೆ ಹೋಯಿತು. ಬೆಳಗಿನ ಬಾಂಗಿಗೆ ನಾನು ಮಸೀದಿಯ ಬಾಗಿಲು ತೆಗೆಯುವಾಗ ಅವಳು ಆಗಲೇ ಮೆಟ್ಟಿಲ ಮೇಲಿರುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಖಾಲಿ ಗುಂಡಿಯ ಮನೆಯಲ್ಲಿ ಕೂರಲಾಗದೆ ಬಂದು ಕೂತಿರುತ್ತಿದ್ದಳು.

ಇಂಥ ದಿನಗಳಲ್ಲೇ ಪೇಪರಿನಲ್ಲಿ ಬೀಗದ ಚಿತ್ರ ಬಂತು. ಕಿರೀಟ, ಎರಡು ಮೀನು, ಸವೆದ ಕಣ್ಣು. ರಾಜಮನೆತನದ ಅಮೂಲ್ಯ ಬೀಗ ಪತ್ತೆ ಎಂದು ದಪ್ಪ ಅಕ್ಷರ. ಅದಾದ ವಾರದಲ್ಲೇ ಹಾಜಿ ಸಾಹೇಬರ ಗಾಡಿ ನನ್ನ ಮನೆಯ ಮುಂದೆ ನಿಂತಿತು. ಹಿತ್ತಾಳೆ ಚೂರು ಇಳಿಸಿ, ಪೆಟ್ಟಿಗೆ ಎರಕ ಹೊಯ್ಯಬೇಕು ಎಂದ ಗಾಡಿಯವನು. ಮುಖ ಬೋಳಾಗಿರಲಿ, ಕೆತ್ತುವವನು ಮೊರಾದಾಬಾದಿನಿಂದ ಬರುತ್ತಾನೆ. ಅದೇ ಅಳತೆ, ಅದೇ ಮೀನು. ಚಿತ್ರ ನೋಡಿ ದೂರದೂರದವರು ಕೇಳುತ್ತಿದ್ದಾರಂತೆ.

ನಾನು ಆ ಹಿತ್ತಾಳೆಯ ರಾಶಿಯ ಮುಂದೆ ಕೂತೆ. ನನ್ನ ಆಯುಷ್ಯವೆಲ್ಲ ಬೆಂಕಿಯ ಮುಂದೆ ಕಳೆದಿದೆ. ಬೆಂಕಿಗೆ ಹಾಕಿದ್ದು ಶುದ್ಧವಾಗುತ್ತದೆ, ಕಸ ಮೇಲೆ ತೇಲುತ್ತದೆ, ನಾವು ಕೆನೆ ತೆಗೆದ ಹಾಗೆ ತೆಗೆದು ಎಸೆಯುತ್ತೇವೆ. ಆ ದಿನ ಮಾತ್ರ ತೇಲಿದ ಕಸ ಯಾವುದು, ತಳದಲ್ಲಿರುವುದು ಯಾವುದು ಎಂದು ನನಗೆ ತಿಳಿಯಲಿಲ್ಲ. ಎದ್ದು ಬನವಾರಿಯ ಜಗಲಿಗೆ ಹೋಗಿ ವಿಷಯ ಹೇಳಿದೆ. ಬನವಾರಿ ಬೀಡಿಯ ಹೊಗೆ ಬಿಟ್ಟು ನಕ್ಕ.

"ಒಂದು ಮೀನಿಗೆ ಒಬ್ಬ ಒಳಗೆ ಹೋದ. ಈಗ ಒಂದು ಬಲೆ ತುಂಬ ಮೀನು ಮಾಡು ಅಂತಾರೆ. ಚಾಚಾ, ಇಡೀ ಗಲ್ಲಿಗೆ ಒಳಗೆ ಜಾಗ ಸಾಕಾಗುತ್ತಾ, ಕೇಳ್ಕೊಂಡು ಬಾ. ನನ್ನ ಹೆಂಡ್ತಿಗೆ ಕಿಟಕಿ ಪಕ್ಕ ಬೇಕು."

ಯಾರೋ ನಕ್ಕರು. ಶಮೀಮ್ ನಗಲಿಲ್ಲ. ಅವಳು ಮಾತು ಕಡಿಮೆಯ ಹೆಂಗಸು. ಅರದ ಪುಡಿ ರೆಪ್ಪೆಯ ಮೇಲೆಲ್ಲ ಕೂತು ಅವಳ ಕಣ್ಣು ಸದಾ ಬಂಗಾರದ ಹಾಗೆ ಹೊಳೆಯುತ್ತದೆ, ಸದಾ ನೀರು ಸುರಿಯುತ್ತದೆ.

"ಬೀಗ ಹೊಸದು ಅಂತ ತೋರ್ಸೋಕೆ ಬೀಗ ಇಲ್ಲ," ಅಂದಳು. "ಕೈ ಇದಾವಲ್ಲ. ಅವನ್ನ ಯಾವ ಭಟ್ಟೀಲಿ ಕರಗಿಸ್ತಾರೆ? ಠಾಣೆ ಮುಂದೆ ಹೋಗಿ ಮಾಡೋಣ."

ಹೆದರಿಕೆ ಎಲ್ಲರ ಮುಖದಲ್ಲೂ ಇತ್ತು. ಆಮೇಲಿನ ದಿನದಿಂದ ರೊಟ್ಟಿ ಎಲ್ಲಿಂದ ಎಂದು ಒಬ್ಬ ಕೇಳಿಯೂ ಕೇಳಿದ. ಆದರೆ ಬೆಳಗಿನ ನಮಾಜು ಮುಗಿಸಿ ನಾನು ಹಿತ್ತಾಳೆ ಕರಗಿಸುವ ಮೂಸೆ, ಮರಳಿನ ಚೌಕಟ್ಟು, ಗಾಳಿಯ ತಿದಿ ಎಲ್ಲ ಒಂದು ತಳ್ಳುಗಾಡಿಗೆ ಹೇರುವಾಗ ಬನವಾರಿ ತನ್ನ ಚಿಮಟ, ಸ್ಪ್ರಿಂಗಿನ ಡಬ್ಬಿ ಹಿಡಿದು ಬಂದ. ಶಮೀಮ್ ಅರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅವರ ಹಿಂದೆ ಇನ್ನೂ ಕೆಲವರು. ಕೊನೆಗೆ ಜೈತೂನ್ ಬೀ, ಮಗನ ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು.

ಠಾಣೆಯ ಎದುರು ಬಯಲಿದೆ, ಬೇವಿನ ಮರವಿದೆ. ಅದರ ಕೆಳಗೆ ಒಲೆ ಹೂಡಿದೆವು. ಇನ್ಸ್‌ಪೆಕ್ಟರು ಹೊರಗೆ ಬಂದು, ಏನ್ರಪ್ಪಾ, ಯಾರ ಮನೆ ಮದುವೆ ಅಡುಗೆ ಇದು ಎಂದು ಕೇಳಿದ. ನಾನು ಕೈ ಮುಗಿದು, ಸಾಹೇಬ್ರೇ, ಬೀಗ ಮಾಡ್ತಾ ಇದೀವಿ, ಸಂಜೆವರೆಗೆ ನೋಡಿ ಎಂದೆ. ಬೆಳಗ್ಗೆಯೇ ಸಂತೆಯ ದಿನದ ಜನ ಸುತ್ತ ಸೇರಿಬಿಟ್ಟಿದ್ದರು. ಒಬ್ಬ ಪೇಪರಿನವನೂ ಇದ್ದ. ಅವರೆದುರು ನಮ್ಮನ್ನು ಒದ್ದು ಓಡಿಸಲು ಇನ್ಸ್‌ಪೆಕ್ಟರಿಗೂ ಮುಜುಗರವಾಗಿರಬೇಕು. ಒಳಗೆ ಹೋದ.

ಬಿಸ್ಮಿಲ್ಲಾ ಎಂದು ಮೂಸೆಗೆ ಬೆಂಕಿ ಕೊಟ್ಟೆ. ಹಿತ್ತಾಳೆ ಕರಗಿ ಬಿಳಿ ಹೊಗೆ ಬಂತು. ಮರಳಿನ ಅಚ್ಚಿಗೆ ಹೊಯ್ದೆ. ಬನವಾರಿ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಇಷ್ಟು ವರ್ಷ ನನ್ನ ಪೆಟ್ಟಿಗೆಗೆ ನಾಲಿಗೆ ಕೂರಿಸಿದವನು, ಎರಕ ಹೊಯ್ಯುವುದನ್ನು ನೋಡಿರಲೇ ಇಲ್ಲ. ಪೆಟ್ಟಿಗೆ ಆರಿದ ಮೇಲೆ ಶಮೀಮ್ ಅದನ್ನು ಎರಡು ಪಾದಗಳ ನಡುವೆ ಹಿಡಿದು ಅರ ಹಾಕಿದಳು. ಅವಳು ಪಾದದಲ್ಲಿ ಹಿಡಿಯುತ್ತಾಳೆ ಎನ್ನುವುದು ನನಗೆ ಅಂದು ತಿಳಿಯಿತು. ಅವಳ ಪಾದದ ಒಳಬದಿಯೆಲ್ಲ ಗಾಯ. ಆಮೇಲೆ ಬನವಾರಿ ಪೆಟ್ಟಿಗೆಯ ಹೊಟ್ಟೆಯೊಳಗೆ ನಾಲಿಗೆಗಳನ್ನು ಒಂದೊಂದಾಗಿ ಜೋಡಿಸಿದ. ತೊಟ್ಟಿಲಲ್ಲಿ ಕೂಸು ಮಲಗಿಸಿದ ಹಾಗೆ ಮಲಗಿಸಿದ. ನಮ್ಮದೇ ಬೀಗ ಹುಟ್ಟುವುದನ್ನು ನಾವೆಲ್ಲ ಒಟ್ಟಿಗೆ ಕೂತು ನೋಡಿದ್ದು ಅಂದೇ ಮೊದಲು. ಯಾಕೆ ಹಾಜಿ ಸಾಹೇಬರ ತಂದೆ ಪಕ್ಕದ ಮನೆಗೂ ಗಾಡಿಯಲ್ಲೇ ಕಳಿಸುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ನಾವು ಒಟ್ಟಿಗೆ ಕೂತರೆ ಬೀಗ ನಮ್ಮದಾಗಿಬಿಡುತ್ತಿತ್ತು. ಬನವಾರಿಗೂ ಹೊಳೆದಿರಬೇಕು. ಅವನು ತಲೆ ಎತ್ತಿ ನನ್ನನ್ನು ನೋಡಿದ.

ಮಧ್ಯಾಹ್ನ ಕಳೆದು ಹಾಜಿ ಸಾಹೇಬರ ಕಾರು ಬಂತು. ಅವರು ಕಾರಿನ ಬಾಗಿಲು ಹಿಡಿದು ನಿಂತರು. ಅಸರ್ ನಮಾಜಿನ ಹೊತ್ತು. ನಾನು ಅಲ್ಲೇ ಬೇವಿನ ಕೆಳಗೆ ನಿಂತು ಬಾಂಗು ಕೂಗಿದೆ. ಕೆಮ್ಮು ಬಂತು, ತಡೆದು ಕೂಗಿದೆ. ಬೀಗ ನಾನು ಕಾಯ್ತೀನಿ, ನೀವು ಹೋಗಿ ನಮಾಜು ಮುಗಿಸಿ ಎಂದ ಬನವಾರಿ. ಹುಲ್ಲಿನ ಮೇಲೆ ಸಾಲು ನಿಂತೆವು. ಹಾಜಿ ಸಾಹೇಬರು ಎಂದಿನಂತೆ ನಿಲ್ಲುವ ಕಡೆ, ನನ್ನ ಬಲಕ್ಕೆ, ಒಬ್ಬರ ಜಾಗ ಬಿಟ್ಟೆ. ಕೋಪಕ್ಕೆ ನಮಾಜಿನಲ್ಲಿ ಜಾಗ ಕೊಡದಿದ್ದರೆ ಅದು ಪಾಪ. ಅವರು ಬರಲಿಲ್ಲ. ಕಾರಿನ ಪಕ್ಕದಲ್ಲೇ ಇದ್ದರು. ಸಜ್ದಾದಲ್ಲಿ ಹಣೆ ನೆಲಕ್ಕೆ ಊರಿದಾಗ, ಯಾ ಅಲ್ಲಾಹ್, ಆ ಹುಡುಗನನ್ನು ತಾಯಿಗೆ ಕೊಡು ಎಂದಷ್ಟೇ ಕೇಳಿದೆ. ಬೇರೆ ಏನನ್ನೂ ಕೇಳಲು ನೆನಪಾಗಲಿಲ್ಲ.

ನಮಾಜು ಮುಗಿಯುವ ಹೊತ್ತಿಗೆ ಬೀಗ ಆಗಿತ್ತು. ಬನವಾರಿ ಕೀಲಿ ತಿರುಗಿಸಿದ. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ಜನ ಉಸಿರು ಬಿಟ್ಟರು. ಎಳೆಬಿಸಿಲಿನ ಬಣ್ಣದ ಹೊಚ್ಚ ಹೊಸ ಬೀಗ. ಮುಖ ಬೋಳು. ಆಸಿಡ್ಡು ತಂದಿದೀಯಾ ಎಂದು ಯಾರೋ ಜೈತೂನ್ ಬೀಯನ್ನು ಕೇಳಿದರು. ಇದಕ್ಕೆ ವಯಸ್ಸು ಬೇಡ ಎಂದಳು ಅವಳು. ಬೀಗವನ್ನು ಎತ್ತಿಕೊಂಡು ಠಾಣೆಯ ಮೆಟ್ಟಿಲ ಬಳಿಗೆ ಹೋದಳು. ನಾವೆಲ್ಲ ಹಿಂದೆ ಹೋದೆವು.

"ಸಾಹೇಬ್ರೇ, ಇಷ್ಟು ನಾವು ಮಾಡಿದ್ವಿ. ಕಿರೀಟ, ಮೀನು ಕೆತ್ತೋ ಕೈ ನಿಮ್ಮ ಹತ್ರ ಇದೆ. ಅವನನ್ನ ಹೊರಗೆ ಕರೀರಿ. ಇಲ್ಲೇ ಕೂತು ನಿಮ್ಮ ಕಣ್ಣೆದುರಿಗೆ ಕೆತ್ತಲಿ. ಅದೇ ಮೀನು ಬರ್ಲಿಲ್ಲ ಅಂದ್ರೆ ನನ್ನನ್ನೂ ಒಳಗೆ ಹಾಕಿ."

ಇನ್ಸ್‌ಪೆಕ್ಟರು ಹಾಜಿ ಸಾಹೇಬರ ಕಾರಿನ ಕಡೆ ನೋಡಿದ. ಜನರ ಕಡೆ ನೋಡಿದ. ಆಗಲ್ಲ ಎಂದ. ಯಾಕಾಗಲ್ಲ ಎಂದು ಹಿಂದಿನಿಂದ ಯಾರೋ ಕೇಳಿದರು, ನಮ್ಮ ಗಲ್ಲಿಯವರಲ್ಲ, ಸಂತೆಗೆ ಬಂದವರು. ಪೇಪರಿನವನೂ ಅದನ್ನೇ ಕೇಳಿದ. ಇನ್ಸ್‌ಪೆಕ್ಟರು ಸ್ವಲ್ಪ ಹೊತ್ತು ಮೀಸೆ ಸವರಿಕೊಂಡ. ಆಮೇಲೆ ಅದೇನು ನೆನಪಾಯಿತೋ, ಮುಖ ಸಡಿಲವಾಯಿತು. ಕರ್ಕೊಂಡು ಬನ್ನಿ ಅವನನ್ನ, ನೋಡೇ ಬಿಡೋಣ ಎಂದ.

ಇಬ್ಬರು ಕಾನ್‌ಸ್ಟೇಬಲ್ಲುಗಳು ಇಕ್ರಾರನನ್ನು ಕರೆತಂದರು. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಬಲಗೈಯನ್ನು ಎದೆಗೆ ಅವುಚಿಕೊಂಡಿದ್ದ. ಹೊಲಸು ಬಟ್ಟೆಯ ಸುತ್ತಿನಿಂದ ಬೆರಳುಗಳು ಹೊರಗಿದ್ದವು. ಬದನೆಕಾಯಿಯಂತೆ ಊದಿ ನೇರಳೆಗಟ್ಟಿದ್ದವು. ಎರಡು ಬೆರಳು ಬೇರೆ ದಿಕ್ಕಿಗೆ ತಿರುಗಿದ್ದವು. ತಪ್ಪು ಒಪ್ಪಿಕೋ ಎಂದು ಹೊಡೆಯುವಾಗ ಅವನು ಕೈ ಅಡ್ಡ ಕೊಟ್ಟಿದ್ದನೋ, ಕೈಯನ್ನೇ ಹುಡುಕಿ ಹೊಡೆದರೋ, ನಾವು ಕೇಳಲಿಲ್ಲ.

ಜೈತೂನ್ ಬೀ ಅಳಲಿಲ್ಲ. ಅವನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಬೀಗವನ್ನು ಅವನ ತೊಡೆಯ ಮೇಲಿಟ್ಟಳು. ಬಟ್ಟೆ ಬಿಚ್ಚಿ ಉಳಿ ಕೊಟ್ಟಳು. ಅವನು ಆ ಬೆರಳುಗಳನ್ನು ಉಳಿಯ ಸುತ್ತ ತಂದ. ಉಳಿ ಜಾರಿ ಕಲ್ಲಿನ ಮೇಲೆ ಬಿತ್ತು. ಎತ್ತಿಕೊಟ್ಟಳು. ಮತ್ತೆ ಬಿತ್ತು.

"ನೋಡಿದ್ರಲ್ಲ," ಅಂದ ಇನ್ಸ್‌ಪೆಕ್ಟರು ಜನರಿಗೆ. "ಉಳಿ ಹಿಡಿಯೋಕೇ ಬರಲ್ಲ ಇವನಿಗೆ. ರಾಜರ ಬೀಗ ಕೆತ್ತಿದ್ದನಂತೆ."

ಯಾರೂ ನಗಲಿಲ್ಲ. ಹಾಜಿ ಸಾಹೇಬರು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು.

ಅನುಮತಿ ಇಲ್ಲದೆ ಠಾಣೆ ಮುಂದೆ ಬೆಂಕಿ ಹಾಕಿದ್ದಕ್ಕೆ ಸಾಮಾನೆಲ್ಲ ಜಪ್ತಿ ಎಂದ ಇನ್ಸ್‌ಪೆಕ್ಟರು. ಠಾಣೆಯ ಗುಮಾಸ್ತೆ ಹಲಗೆ, ಕಾಗದ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತ. ಮೂಸೆ ಒಂದು, ತಿದಿ ಒಂದು ಎಂದು ಬರೆದುಕೊಂಡು ಹೋದ. ಬೀಗದ ಸರದಿ ಬಂತು. ಕೊಡಮ್ಮ ಎಂದ. ಜೈತೂನ್ ಬೀ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಕೊಡ್ತೀನಿ," ಅಂದಳು. "ಇದು ಯಾವ ರಾಜರದು ಅಂತ ಬರ್ಕೋತೀರಿ?"

ಗುಮಾಸ್ತೆ ಇನ್ಸ್‌ಪೆಕ್ಟರನ್ನು ನೋಡಿದ.

ಆಗ ಶಮೀಮ್ ಮುಂದೆ ಬಂದಳು. ಕಣ್ಣೀರು ಒರೆಸಿಕೊಂಡು, ಅರ ಹಾಕಿದ್ದು ಶಮೀಮ್, ಅಬ್ದುಲ್ ಹಕೀಮನ ಹೆಂಡತಿ, ಬರ್ಕೊಳ್ಳಿ ಎಂದಳು. ನಾಲಿಗೆ, ಕೀಲಿ ಬನವಾರೀದು ಎಂದ ಬನವಾರಿ. ಎರಕ ಸಖಾವತ್ ಎಂದೆ ನಾನು. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ತಿದಿ ಒತ್ತಿದವನು, ಮರಳು ಜರಡಿ ಹಿಡಿದವಳು, ಇದ್ದಲು ಹೊತ್ತವನು, ಒಬ್ಬೊಬ್ಬರೂ ತಂತಮ್ಮ ಹೆಸರು ಹೇಳಿದರು. ಅದು ಅಪರಾಧಿಗಳ ಪಟ್ಟಿಯೋ ಏನೋ ನಮಗೆ ತಿಳಿಯದು. ಯಾರೂ ಹಿಂದೆ ಸರಿಯಲಿಲ್ಲ.

ಕೊನೆಗೆ ಇಕ್ರಾರ್ ತಲೆ ಎತ್ತಿದ. ಠಾಣೆಗೆ ಹೋದ ಮೇಲೆ ನಾವು ಕೇಳಿದ ಅವನ ಮೊದಲ ಮಾತು ಅದು.

"ಮುಖ ಖಾಲಿ ಇದೆ ಅಂತ ಬರ್ಕೊಳ್ಳಿ," ಅಂದ. ಊದಿದ ಕೈಯನ್ನು ಗುಮಾಸ್ತೆಯ ಕಾಗದದ ಮೇಲೆ ಇಟ್ಟ. "ಯಾಕೆ ಖಾಲಿ ಅಂತಾನೂ ಬರ್ಕೊಳ್ಳಿ."

ಗುಮಾಸ್ತೆಯ ಲೇಖನಿ ಕದಲಲಿಲ್ಲ. ನಾವೂ ಅಲ್ಲಿಂದ ಕದಲಲಿಲ್ಲ.